ರಾಯಚೂರು ಕಡೆಯಿಂದ: ಕಾಲುವೆ ನೀರು ಮತ್ತು ಕರೆಂಟು

ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇಷ್ಟು ದೊಡ್ಡ ತುಂಗಭದ್ರಾ ಡ್ಯಾಂ ಇದೆ, ಅದರ ಕೆಳಗೆ ನೂರಾರು ಕಿಲೋಮೀಟರ್ ಕಾಲುವೆ ಹರಿಯುತ್ತದೆ. ಹಾಗಿದ್ದ ಮೇಲೆ ಹೊಸ ಅಣೆಕಟ್ಟು ಕಟ್ಟದೆ, ಕಾಡು ಮುಳುಗಿಸದೆ, ಇರುವ ನೀರಿನಲ್ಲೇ ಇನ್ನಷ್ಟು ವಿದ್ಯುತ್ ತೆಗೆಯಬಹುದಲ್ವಾ? ತೆಗೆಯಬಹುದು. ನಮ್ಮಲ್ಲಿ ಸ್ವಲ್ಪ ಮಟ್ಟಿಗೆ ಮಾಡಿಯೂ ಇದ್ದಾರೆ. ಆದರೆ ಕಾಲುವೆಯ ಕೊನೆಯಲ್ಲಿ ಕೂತವರಿಗೆ ಈ ವಿಷಯ ಬೇರೆ ತರ ಕಾಣುತ್ತದೆ. ಅದನ್ನೇ ಹೇಳುತ್ತೇನೆ.

ಮೊದಲು ಡ್ಯಾಂ ಯಾರದು ಎಂಬ ಮಾತು. ಕೆಲಸ ಶುರುವಾದ 1945ರಲ್ಲಿ ಹೊಳೆಯ ಎಡದಂಡೆ ಹೈದರಾಬಾದ್ ನಿಜಾಮರದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ನೀರು ನಿಲ್ಲಿಸಿದರು. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆದಾಗ ಎಡದಂಡೆ ಪೂರ್ತಿ ಕರ್ನಾಟಕಕ್ಕೆ ಬಂತು. ಬಲಗಡೆಯ ಕಾಲುವೆಗಳು ಮಾತ್ರ ಬಳ್ಳಾರಿ ದಾಟಿ ಆಂಧ್ರದ ಕರ್ನೂಲು, ಅನಂತಪುರಕ್ಕೆ ಹೋಗುತ್ತವೆ. ಅದಕ್ಕೇ ಡ್ಯಾಮಿನ ಉಸ್ತುವಾರಿಗೆ, ರಾಜ್ಯಗಳ ಪಾಲು ನೋಡಿಕೊಳ್ಳೋದಕ್ಕೆ ತುಂಗಭದ್ರಾ ಮಂಡಳಿ ಅಂತ ಇದೆ. ಬಲಗಡೆ ಡ್ಯಾಮಿನ ಬುಡದಲ್ಲಿ 36 ಮೆಗಾವ್ಯಾಟ್, ಹಂಪಿ ಪವರ್ ಹೌಸ್‌ನಲ್ಲಿ 36 ಮೆಗಾವ್ಯಾಟ್. ಈ 72ರಲ್ಲಿ ಆಂಧ್ರದ ಪಾಲು ನೂರಕ್ಕೆ 80, ನಮ್ಮದು 20. ಎಡಗಡೆ ಮುನಿರಾಬಾದಿನ 28 ಮೆಗಾವ್ಯಾಟ್ ಪೂರ್ತಿ ಕರ್ನಾಟಕದ್ದು.

ಗಡಿಯಲ್ಲಿ ಪಾಲು ಅನ್ನುವುದು ದಿನದ ಮಾತು. ನಮ್ಮ ಜಿಲ್ಲೆಯಲ್ಲೇ ರಾಜೋಳಿಬಂಡಾ ಆಣೆಕಟ್ಟು ಇದೆ. ಅಲ್ಲಿಂದ ಹೊರಡುವ ಕಾಲುವೆಯಲ್ಲಿ ಕರ್ನಾಟಕದ ಪಾಲು 1.2 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು). ತೆಲಂಗಾಣದ ಗದ್ವಾಲ, ಆಲಂಪುರ ಕಡೆಗೆ 15.9 ಟಿಎಂಸಿ. ಆಣೆಕಟ್ಟು ನಮ್ಮ ನೆಲದಲ್ಲಿ, ಬೆಳೆ ಜಾಸ್ತಿ ಅವರ ನೆಲದಲ್ಲಿ. ಕೃಷ್ಣಾ ನದಿಯ ಜುರಾಲದಲ್ಲಿ ಇದರ ಉಲ್ಟಾ. ಅಣೆಕಟ್ಟು ತೆಲಂಗಾಣದಲ್ಲಿದೆ, ಹಿನ್ನೀರು ನಮ್ಮ ಹಳ್ಳಿಗಳ ಜಮೀನಿಗೂ ಬರುತ್ತದೆ. ಅದಕ್ಕೇ ಅಲ್ಲಿನ 234 ಮೆಗಾವ್ಯಾಟ್ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೆ ಅರ್ಧ ಪಾಲು ಅಂತ ಒಪ್ಪಂದ ಆಯಿತು. ಹೊಳೆಯ ಆಚೆ ದಂಡೆಯವರ ಜೊತೆ ನಮಗೆ ಹೆಣ್ಣು ಕೊಟ್ಟು ತಂದ ಸಂಬಂಧ ಇದೆ, ಸಂತೆ ಇದೆ, ಮಂತ್ರಾಲಯ ಇದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುವ ಊರುಗಳು ನಮ್ಮವು. ಜಗಳ ಬಂದರೂ ಕೂತು ಲೆಕ್ಕ ಹಾಕಲೇಬೇಕು.

ಈಗ ಎಡದಂಡೆ ಕಾಲುವೆಗೆ ಬರೋಣ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ, ಸಿರವಾರ ದಾಟಿ ರಾಯಚೂರಿನವರೆಗೆ ಸುಮಾರು 227 ಕಿಲೋಮೀಟರ್. ನೆಲ ಇಳಿಜಾರಾಗಿದೆ. ನೀರಿನ ಓಟ ಜೋರಾದರೆ ಕಾಲುವೆಯ ಏರಿಯೇ ಕೊಚ್ಚಿಹೋಗುತ್ತದೆ. ಹಾಗಾಗಿ ಅಲ್ಲಲ್ಲಿ ಮೆಟ್ಟಿಲಿನ ಹಾಗೆ ನೀರನ್ನು ಒಮ್ಮೆಲೇ ಕೆಳಗೆ ಬೀಳಿಸುತ್ತಾರೆ. ಅದನ್ನು ಡ್ರಾಪ್ ಅಂತಾರೆ. ಬೀಳುವ ನೀರಿನ ಕಸುವು ಅಲ್ಲಿ ಸುಮ್ನೆ ನೊರೆಯಾಗಿ ಹೋಗುತ್ತದೆ. ಅದೇ ಜಾಗದಲ್ಲಿ ಒಂದು ಟರ್ಬೈನ್ ಕೂರಿಸಿದರೆ ಕರೆಂಟು. ನೀರು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೇ ಹೋಗುತ್ತದೆ, ಒಂದು ಹನಿಯೂ ಖರ್ಚಾಗುವುದಿಲ್ಲ.

ಲೆಕ್ಕ ಕಷ್ಟದ್ದಲ್ಲ. ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಸಾವಿರ ಲೀಟರಿಗಿಂತ ಜಾಸ್ತಿ ನೀರು. ಅದು ಮೂರು ಮೀಟರ್ ಬಿದ್ದರೆ ಸುಮಾರು 700 ಕಿಲೋವ್ಯಾಟ್ ಸಿಗುತ್ತದೆ. 5 ಎಚ್‌ಪಿಯ ನೂರೈವತ್ತು ಪಂಪ್‌ಸೆಟ್ ಒಟ್ಟಿಗೆ ಓಡಿಸುವಷ್ಟು. ಕೊಪ್ಪಳದ ಶಿವಪುರದಲ್ಲಿ ಇದೇ ಕಾಲುವೆಯ ನೀರಿನ ಮೇಲೆ 18 ಮೆಗಾವ್ಯಾಟ್ ಸ್ಥಾವರ ಇದೆ. ನಮ್ಮ ಜಿಲ್ಲೆಯಲ್ಲಿ ಸಿರವಾರಕ್ಕೆ 1 ಮೆಗಾವ್ಯಾಟ್, ಕಲ್ಮಲಾಕ್ಕೆ 400 ಕಿಲೋವ್ಯಾಟ್, ಗಣೇಕಲ್‌ಗೆ 350 ಕಿಲೋವ್ಯಾಟ್ ಸಾಮರ್ಥ್ಯದ ಪುಟ್ಟ ಘಟಕಗಳನ್ನು ಕರ್ನಾಟಕ ವಿದ್ಯುತ್ ನಿಗಮ ಹಾಕಿತು. ಮೂರೂ ಸೇರಿದರೆ 1.75 ಮೆಗಾವ್ಯಾಟ್. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಕಲ್ಲಿದ್ದಲು ಸುಡುವ ಒಂದೊಂದು ಹಳೇ ಘಟಕವೇ 210 ಮೆಗಾವ್ಯಾಟ್. ಆದ್ದರಿಂದ ಕಾಲುವೆ ಕರೆಂಟಿನಿಂದ ಬೆಂಗಳೂರು ಬೆಳಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಕ್ಕದ ಸಬ್‌ಸ್ಟೇಷನ್‌ಗೆ ಆಸರೆ ಆಗುತ್ತದೆ. ನಾಲ್ಕಾರು ಹಳ್ಳಿಯ ಮನೆ, ಹಿಟ್ಟಿನ ಗಿರಣಿ, ಕುಡಿಯುವ ನೀರಿನ ಮೋಟರು ನಡೆಯುತ್ತವೆ. ನನಗೆ ಅಷ್ಟೇ ದೊಡ್ಡದು.

ಇಲ್ಲಿ ಇನ್ನೊಂದು ತೊಡಕು ಇದೆ, ಹೊರಗಿನವರಿಗೆ ಅದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಯೋಜನೆ ಮಾಡಿದಾಗ ಈ ಕಾಲುವೆಯ ನೀರು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಅಂತ ಇತ್ತು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಲೆಕ್ಕಕ್ಕೆ ಸೇರದ ಜಮೀನಿಗೂ ನೀರು ಎತ್ತುತ್ತಾರೆ. ಕೊನೆಯ ಭಾಗದ ಮಾನ್ವಿ, ಸಿರವಾರ, ರಾಯಚೂರಿನ ರೈತರು ಕಾಯುತ್ತಾ ಕೂರುತ್ತಾರೆ. ನಮ್ಮ ಕಡೆ ಚಹಾದಂಗಡಿಯಲ್ಲಿ ಮಳೆ ಬಗ್ಗೆ ಕೇಳುವುದಕ್ಕಿಂತ ಮೊದಲು ‘ಮೈಲ್ 104ರಲ್ಲಿ ಗೇಜ್ ಎಷ್ಟಿದೆಯಪ್ಪಾ’ ಅಂತ ಕೇಳುತ್ತಾರೆ. ಗೇಜ್ ಅಂದರೆ ಕಾಲುವೆಯ ಆ ಜಾಗದಲ್ಲಿ ಅಳೆದ ನೀರಿನ ಮಟ್ಟ. ಅದು ಇಳಿಯಿತು ಅಂದರೆ ರಸ್ತೆ ತಡೆ. ತೆನೆ ಕಟ್ಟುವ ಹೊತ್ತಿಗೆ ನೀರು ಬಾರದ ಗದ್ದೆಯ ಬದುವಿನ ಮೇಲೆ ನಿಂತು ನೋಡಿದವರಿಗೆ ಆ ಸಿಟ್ಟು ಅರ್ಥವಾಗುತ್ತದೆ.

ಹೀಗಿರುವಾಗ ಡ್ರಾಪಿಗೆ ಟರ್ಬೈನ್ ಹಾಕುತ್ತೇವೆ ಅಂದರೆ ರೈತ ಮೊದಲು ಹೆದರುತ್ತಾನೆ. ಟರ್ಬೈನ್ ಕೆಟ್ಟರೆ ನೀರು ನಿಲ್ಲುತ್ತದಾ? ಕರೆಂಟಿನ ದರ ಚೆನ್ನಾಗಿರುವ ಹೊತ್ತಿಗೆ ಮಾತ್ರ ನೀರು ಬಿಡುತ್ತಾರಾ? ಹೆದರಿಕೆಯಲ್ಲಿ ತಪ್ಪಿಲ್ಲ. ಉತ್ತರ ವಿನ್ಯಾಸದಲ್ಲೇ ಇರಬೇಕು. ಹಳೆಯ ಡ್ರಾಪನ್ನು ಮುಚ್ಚಬಾರದು. ಟರ್ಬೈನ್ ಪಕ್ಕದ ದಾರಿಯಲ್ಲಿ ಕೂರಬೇಕು. ಅದು ನಿಂತ ಕ್ಷಣ ಗೇಟು ತಾನಾಗಿ ತೆರೆದು ನೀರು ಹಳೇ ದಾರಿಯಲ್ಲೇ ಬೀಳಬೇಕು. ನೀರು ಯಾವಾಗ, ಎಷ್ಟು ಎನ್ನುವುದನ್ನು ನೀರಾವರಿ ಸಲಹಾ ಸಮಿತಿಯೇ ಹೇಳಬೇಕು, ಕರೆಂಟು ಕೊಳ್ಳುವವರಲ್ಲ. ಇದನ್ನು ಕರಾರಿನಲ್ಲಿ ಬರೆಯದೆ ಕೆಲಸ ಶುರು ಮಾಡಿದರೆ ನಾನೂ ರಸ್ತೆಗಿಳಿಯುವವನೇ.

ಕಾಲುವೆ ವರ್ಷವಿಡೀ ಹರಿಯುವುದಿಲ್ಲ ಅನ್ನುವುದನ್ನೂ ನೆನಪಿಡಿ. ಮಳೆಗಾಲದ ಬೆಳೆಗೆ ಜುಲೈ ಹೊತ್ತಿಗೆ ಬಿಡುತ್ತಾರೆ. ಡ್ಯಾಂ ತುಂಬಿದ ವರ್ಷ ಬೇಸಿಗೆ ಬೆಳೆಗೂ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಕರೆಂಟು ಅತೀ ಬೇಕಾದಾಗ ಟರ್ಬೈನ್ ಒಣಗಿ ನಿಂತಿರುತ್ತದೆ. ಆಗ ನಮ್ಮ ಬಿಸಿಲೇ ಗತಿ. ಅದಕ್ಕೇನೂ ಇಲ್ಲಿ ಕೊರತೆ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಡ್ಯಾಮಿನದೇ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಂ ಕಣ್ಣೆದುರೇ ಖಾಲಿಯಾಗುತ್ತಿತ್ತು. ಮೂರು ರಾಜ್ಯದ ರೈತರು ಆ ವಾರ ನಿದ್ದೆ ಮಾಡಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ಜೊತೆಗಿದ್ದ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬದಲಿಗೆ ಅಡ್ಡ ಇಡುವ ತಡೆತುಂಡುಗಳನ್ನು, ಇಳಿಸಿ ನೀರು ತಡೆದರು. ಅವರ ಋಣ ನಮ್ಮ ಮೇಲಿದೆ. ಮರುವರ್ಷ ಹಳೇ ಗೇಟುಗಳ ಮೇಲೆ ಭಾರ ಬೀಳಬಾರದು ಅಂತ 80 ಟಿಎಂಸಿಗೇ ನೀರು ನಿಲ್ಲಿಸಿದರು. ಗೇಟು ಗಟ್ಟಿ ಇಲ್ಲದಿದ್ದರೆ ಬೆಳೆಯೂ ಇಲ್ಲ, ಕರೆಂಟೂ ಇಲ್ಲ. ನನ್ನನ್ನು ಕೇಳಿದರೆ ದುಡ್ಡು ಮೊದಲು ಗೇಟಿಗೆ, ಆಮೇಲೆ ಕಾಲುವೆ ದುರಸ್ತಿಗೆ, ಆಮೇಲೆ ಹೊಸ ಟರ್ಬೈನಿಗೆ.

ಹೊಳೆಯನ್ನೂ ಮರೆಯಬಾರದು. ಡ್ಯಾಮಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಮಾಡಿದ್ದಾರೆ. ಬಂಡೆಗಳ ನಡುವೆ ಅವು ಮೀನು ಹಿಡಿದು ಬದುಕುತ್ತವೆ. ವಿದ್ಯುತ್ತಿಗಾಗಿ ಹೊಳೆಯ ನೀರನ್ನು ಬೇರೆ ದಾರಿಗೆ ತಿರುಗಿಸಿ ಆ ಮಡುಗಳನ್ನು ಒಣಗಿಸಿದರೆ, ಅದನ್ನು ಪರಿಸರಕ್ಕೆ ಹಗುರವಾದ ಯೋಜನೆ ಅಂತ ನಾನು ಒಪ್ಪುವುದಿಲ್ಲ. ಕಾಲುವೆಗೆ ಹೇಗೂ ಬಿಟ್ಟ ನೀರಿನಿಂದ ತೆಗೆಯುವುದು ಬೇರೆ, ಹೊಳೆಗೆ ಇರಬೇಕಾದ ನೀರಿನಿಂದ ತೆಗೆಯುವುದು ಬೇರೆ.

ನೀವು ನೋಡಲು ಬರುವುದಾದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಬನ್ನಿ. ಮುನಿರಾಬಾದಿನಿಂದ ಕಾಲುವೆ ಹಿಡಿದು ಕೆಳಗೆ ಇಳಿಯುತ್ತಾ ಬನ್ನಿ. ಪ್ರತಿ ಡ್ರಾಪಿನ ಹತ್ತಿರ ನಿಂತು ಅಲ್ಲಿನ ರೈತರನ್ನು ಮಾತಾಡಿಸಿ. ಸಿಂಧನೂರಿನವರು ಒಂದು ಹೇಳುತ್ತಾರೆ, ಸಿರವಾರದವರು ಇನ್ನೊಂದು ಹೇಳುತ್ತಾರೆ. ಇಬ್ಬರ ಮಾತೂ ಕೇಳಿದ ಮೇಲೆ ಯಾವ ಡ್ರಾಪಿಗೆ ಟರ್ಬೈನ್ ಸರಿಹೋಗುತ್ತದೆ ಅಂತ ನಾವು ಕೂತು ಮಾತಾಡೋಣ.