‘ಅಕ್ಕಾ’ ಎಂಬ ಪದಕ್ಕೆ ಪೆನ್ಸಿಲ್ ಗೀಟು

(ಹೆಸರು, ವಯಸ್ಸು, ಕೆಲಸ, ಊರಿನ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.)

ಅವರನ್ನು ಸರೋಜ ಎಂದು ಕರೆಯೋಣ. ವಯಸ್ಸು 44. ಮನೆ ಮೈಸೂರಿನ ಕುವೆಂಪುನಗರ, ತವರು ಪಾಂಡವಪುರದ ಕಡೆ. ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲ ದಿನ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಕುರ್ಚಿಯ ಅಂಚಿನಲ್ಲಿ ಕೂತರು. ತೊಡೆ ಮೇಲಿನ ಬ್ಯಾಗ್ ಕೆಳಗಿಡಲೇ ಇಲ್ಲ. “ಹನ್ನೊಂದು ದಿನದಿಂದ ನಿದ್ದೆ ಇಲ್ಲ ಮೇಡಂ. ಕಾರಣ ಹೇಳಿದ್ರೆ ನೀವು ನಗ್ತೀರ” ಎಂದರು.

ಊರಿನ ಒಂದು ಹವ್ಯಾಸಿ ನಾಟಕ ತಂಡ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ‘ಅಂತಿಗೊನೆ’ ಆಡಲು ಹೊರಟಿತ್ತು. ಅನುಭವ ಇಲ್ಲದವರೂ ಆಡಿಷನ್‌ಗೆ ಬರಬಹುದು ಎಂದಿದ್ದರು. ಇವರು ಹೋದರು. ಅಂತಿಗೊನೆಯ ಮಾತನ್ನು ಎರಡು ವಾರ ಅಡುಗೆಮನೆಯಲ್ಲೇ ಬಾಯಿಪಾಠ ಮಾಡಿದ್ದರು. ಸಿಕ್ಕಿದ್ದು ಇಸ್ಮೆನೆ ಪಾತ್ರ.

ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರಿ.ಪೂ. 441ರ ಸುಮಾರಿಗೆ ಅಥೆನ್ಸಿನಲ್ಲಿ ಆಡಿದ್ದು. ಥೀಬ್ಸ್ ರಾಜ್ಯಕ್ಕಾಗಿ ಅಣ್ಣತಮ್ಮಂದಿರು ಹೊಡೆದಾಡಿ ಇಬ್ಬರೂ ಸತ್ತಿದ್ದಾರೆ. ಒಬ್ಬನಿಗೆ ಮರ್ಯಾದೆಯ ಮಣ್ಣು. ಇನ್ನೊಬ್ಬನ ಹೆಣವನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಸಾವು ಎಂದು ದೊರೆ ಕ್ರಿಯಾನ್ ಆಜ್ಞೆ ಮಾಡಿದ್ದಾನೆ. ಸತ್ತವರ ಒಡಹುಟ್ಟಿದವಳಾದ ಅಂತಿಗೊನೆ ಮಣ್ಣು ಹಾಕಿಯೇ ತೀರುತ್ತೇನೆ ಅನ್ನುತ್ತಾಳೆ. ಅವಳ ಜೊತೆ ಹುಟ್ಟಿದ ಇಸ್ಮೆನೆ, ನಾವು ಹೆಂಗಸರು, ಗಂಡಸರ ಎದುರು ನಿಲ್ಲೋಕಾಗಲ್ಲ ಎಂದು ಹಿಂದೆ ಸರಿಯುತ್ತಾಳೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ದೊಡ್ಡ ಪಾತ್ರ ಸಿಗದ ಬೇಸರ ಅಂದುಕೊಂಡೆ. ಆತ್ಮವಿಶ್ವಾಸ, ಉಸಿರಾಟ, ‘ಪಾತ್ರ ಚಿಕ್ಕದಾದರೇನು’ ಅಂತ ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ಸರೋಜ ಮರ್ಯಾದೆಯಿಂದ ಕೇಳಿಸಿಕೊಂಡು, ಫೀಸು ಕೊಟ್ಟು ಹೋದರು. ಮುಂದಿನ ವಾರ ಬಂದಾಗ ಬಾಗಿಲಲ್ಲೇ ಕೇಳಿದರು: “ಪಾತ್ರ ಚಿಕ್ಕದು ಅಂತ ಅಲ್ಲ ಮೇಡಂ. ನನ್ನ ಮುಖ ನೋಡಿದ್ರೆನೇ ಪುಕ್ಕಲಿ ಅಂತ ಗೊತ್ತಾಗುತ್ತಾ?”

ಆಮೇಲೆ ಅಪ್ಪನ ವಿಷಯ ಬಂತು. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಕುರುಕ್ಷೇತ್ರ ಆಡಿದರೆ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಲೈಟು ಎಲ್ಲದಕ್ಕೂ ಆ ದುಡ್ಡೇ. ಇವರಪ್ಪ ಒಂದು ವರ್ಷ ಹಸು ಮಾರಿ ದುರ್ಯೋಧನ ಆದರು. ಅಮ್ಮ ತಿಂಗಳು ಮಾತು ಬಿಟ್ಟರು. ನಾಟಕದ ರಾತ್ರಿ ಮಾತ್ರ ಮುಂದಿನ ಚಾಪೆಯಲ್ಲೇ ಕೂತಿದ್ದರಂತೆ. “ಅಪ್ಪ ದುಡ್ಡು ಕೊಟ್ಟು ಬೇಕಾದ ಪಾತ್ರ ತಗೊಂಡ್ರು. ನನಗೆ ಯಾರೋ ನೋಡಿ, ನೀನು ಇದು ಅಂದ್ಬಿಟ್ರು.”

ಆ ಅಪ್ಪ ತೀರಿಕೊಂಡ ಮೇಲೆ ಜಮೀನಿನ ಮಾತು ಬಂತು. ನಾಲೆ ಬಯಲು, ಕಬ್ಬು, ಭತ್ತ. ಅಣ್ಣ, ಪಾಲು ಬೇಡ ಅಂತ ಬರೆದುಕೊಡುವ ಹಕ್ಕು ಖುಲಾಸೆ ಪತ್ರ ತಯಾರು ಮಾಡಿಸಿ ತಂದ. ಸರೋಜ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದರು. ಅಕ್ಕ ಹಾಕಲಿಲ್ಲ. ಪಾಲಿಗೆ ಕೇಸು ಹೂಡಿದರು. ಅಕ್ಕನಿಗೆ ತವರಿನ ಬಾಗಿಲು ಮುಚ್ಚಿತು. ಅಮ್ಮ ಅಣ್ಣನ ಮನೆಯಲ್ಲೇ ಇರೋದರಿಂದ ಅವರನ್ನು ನೋಡೋದೂ ನಿಂತಿತು. ಸರೋಜನಿಗೆ ಮಾತ್ರ ಗೌರಿ ಹಬ್ಬಕ್ಕೆ ಬಾಗಿನ ತಪ್ಪದೆ ಬರುತ್ತದೆ. ಆರು ವರ್ಷದಿಂದ ಅಕ್ಕ ತಂಗಿಗೆ ಮಾತಿಲ್ಲ. ಸಹಿ ಹಾಕಿದ ದಿನ ಅಕ್ಕ ಅಂದ ಕೊನೆಯ ಮಾತು, “ನೀನು ಬದುಕ್ಕೋ ಹೋಗು.”

ಮೂರನೇ ಸಲ ಬಂದಾಗ ಸ್ಕ್ರಿಪ್ಟ್ ತರಲು ಹೇಳಿದ್ದೆ. ಗ್ರೀಕಿನಲ್ಲಿ ಇಬ್ಬರೂ ಒಡಹುಟ್ಟಿದವರು ಅಂದರೆ ಸಾಕು. ಕನ್ನಡಕ್ಕೆ ಬಂದ ಕೂಡಲೇ ಯಾರು ಅಕ್ಕ, ಯಾರು ತಂಗಿ ಅಂತ ತೀರ್ಮಾನ ಮಾಡಲೇಬೇಕು, ಇಲ್ಲದಿದ್ದರೆ ಕರೆಯೋದು ಹೇಗೆ? ಈ ತಂಡದ ಸ್ಕ್ರಿಪ್ಟಿನಲ್ಲಿ ಇಸ್ಮೆನೆ ತಂಗಿ. ಮೊದಲ ದೃಶ್ಯದಲ್ಲೇ ನಾಲ್ಕು ಕಡೆ ‘ಅಕ್ಕಾ’ ಅನ್ನುತ್ತಾಳೆ. ನಾಲ್ಕಕ್ಕೂ ಪೆನ್ಸಿಲಿನಲ್ಲಿ ಗೀಟು ಎಳೆದಿತ್ತು.

“ಇದ್ಯಾಕೆ?”

“ಓದುವಾಗ ಬಿಟ್ಟು ಓದ್ತೀನಿ. ಯಾರೂ ಗಮನಿಸಿಲ್ಲ.”

ನಿದ್ದೆ ಎಲ್ಲಿ ಹೋಗಿತ್ತು ಅನ್ನೋದು ಆಗ ನನಗೆ ತಿಳಿಯಿತು.

ಆ ವಾರ ನಾನೂ ನಾಟಕವನ್ನು ಪೂರ್ತಿ ಓದಿದ್ದೆ. ಇಸ್ಮೆನೆ ಬರೀ ಹಿಂದೆ ಸರಿದವಳಲ್ಲ. ಅಂತಿಗೊನೆ ಸಿಕ್ಕಿಬಿದ್ದ ಮೇಲೆ ಇವಳು ಬಂದು, ತಪ್ಪಿನಲ್ಲಿ ನನಗೂ ಪಾಲಿದೆ ಅನ್ನುತ್ತಾಳೆ. ಅಂತಿಗೊನೆ ಒಪ್ಪೋದಿಲ್ಲ. ನೀನು ಬದುಕನ್ನು ಆರಿಸಿಕೊಂಡೆ, ನಾನು ಸಾವನ್ನು ಅಂತ ದೂಡುತ್ತಾಳೆ. (ಸರೋಜ ಇದನ್ನು ಓದಿದ ರಾತ್ರಿಯೇ ನಿದ್ದೆ ಕೆಟ್ಟಿದ್ದು.) ಆದರೆ ಅದೇ ದೃಶ್ಯದಲ್ಲಿ, ನಿನ್ನ ಮಗನಿಗೆ ನಿಶ್ಚಯವಾದ ಹೆಣ್ಣನ್ನೇ ಕೊಲ್ಲುತ್ತೀಯಾ ಎಂದು ಕ್ರಿಯಾನ್‌ನನ್ನು ಎದುರಿಗೇ ಕೇಳುವವಳೂ ಇಸ್ಮೆನೆಯೇ. ಮದುವೆಯ ಮಾತು ನಾಟಕದಲ್ಲಿ ಮೊದಲು ಬರೋದು ಅವಳ ಬಾಯಿಂದ. ಆಮೇಲೆ ಅವಳು ರಂಗದ ಮೇಲೆ ಕಾಣೋದಿಲ್ಲ. ಅಂತಿಗೊನೆ ಸಾಯಲು ಹೊರಟಾಗ, ರಾಜವಂಶದಲ್ಲಿ ಉಳಿದವಳು ನಾನೊಬ್ಬಳೇ ಅನ್ನುತ್ತಾಳೆ, ತಂಗಿ ಇಲ್ಲವೇ ಇಲ್ಲ ಎನ್ನುವ ಹಾಗೆ. ಇದನ್ನು ಓದಿ ಹೇಳಿದಾಗ ಸರೋಜ ತುಂಬಾ ಹೊತ್ತು ಬ್ಯಾಗಿನ ಜಿಪ್ ಎಳೆಯುತ್ತಾ ಕೂತರು. “ಅಕ್ಕನೂ ಹಾಗೇ ಅಂತಾರೇನೋ” ಎಂದರು.

ಇನ್ನು ನಾನು ಕೊಟ್ಟ ಸಲಹೆ.

ಮೊದಲು, ನಿರ್ದೇಶಕರನ್ನೇ ಕೇಳಿ ಅಂದೆ. ನನಗೆ ಈ ಪಾತ್ರ ಯಾಕೆ ಕೊಟ್ಟಿರಿ? ಆಡಿಷನ್‌ನಲ್ಲಿ ನೋಡೋದು ದನಿ, ಎತ್ತರ, ಯಾರ ಪಕ್ಕ ಯಾರು ಹೊಂದುತ್ತಾರೆ ಇಂಥದ್ದು. ಗುಣದ ಸರ್ಟಿಫಿಕೇಟು ಅಲ್ಲ. ಮೂಲದಲ್ಲಿ ಈ ಅಕ್ಕ ತಂಗಿಯರಾಗಿ ನಿಂತವರು ಮುಖವಾಡ ಹಾಕಿದ ಗಂಡಸರು, ಎಲ್ಲ ಪಾತ್ರಗಳನ್ನೂ ಮೂವರೇ ನಟರು ಹಂಚಿಕೊಳ್ಳುತ್ತಿದ್ದರು ಎಂದಾಗ ಮೊದಲ ಸಲ ನಕ್ಕರು. ಕೇಳಿಕೊಂಡೂ ಬಂದರು. ನಿರ್ದೇಶಕರ ಉತ್ತರ ಇಷ್ಟೇ: ಬೇರೆಯವರು ಅಂತಿಗೊನೆ ಮಾತು ಓದುವಾಗ ಉಳಿದವರೆಲ್ಲ ತಮ್ಮ ಹಾಳೆ ನೋಡುತ್ತಿದ್ದರು. ನೀವೊಬ್ಬರೇ ಓದುವವರ ಮುಖ ನೋಡುತ್ತಾ ಕೇಳುತ್ತಿದ್ದಿರಿ.

ತಾಲೀಮನ್ನು ಚಿಕಿತ್ಸೆ ಮಾಡಿಕೊಳ್ಳಬೇಡಿ ಎಂದೂ ಹೇಳಿದೆ. ರಂಗದ ಮೇಲೆ ಅತ್ತು ಹಗುರಾಗುತ್ತೇನೆ ಅನ್ನೋದು ಕೇಳಲು ಚೆನ್ನಾಗಿದೆ. ಮೂವತ್ತು ಸಂಜೆ ಅದೇ ಗಾಯ ಕೆರೆದರೆ ಹಣ್ಣಾಗುತ್ತದೆ, ಅಷ್ಟೇ. ತಾಲೀಮು ಮುಗಿದ ಮೇಲೆ ಮುಖ ತೊಳೆದು, ಸ್ಕ್ರಿಪ್ಟ್ ಬ್ಯಾಗಿಗೆ ಹಾಕಿ, ಮನೆಯಲ್ಲಿ ತೆರೆಯಕೂಡದು ಎಂದು ನಿಯಮ ಮಾಡಿಕೊಂಡೆವು. ಆಗಲ್ಲ ಅನ್ನಿಸಿದರೆ ಪಾತ್ರ ಬಿಡಬಹುದು, ಅದು ಸೋಲಲ್ಲ. ಆದರೆ ಬೇಗ ಹೇಳಿ, ತಂಡದವರಿಗೆ ಬೇರೆಯವರನ್ನು ಹುಡುಕಲು ಸಮಯ ಬೇಕು.

ಸಹಿ ಹಾಕಿದ್ದು ಸರಿಯೋ ತಪ್ಪೋ ಅಂತ ಕೇಳಿದರು. ನಾನು ವಕೀಲೆ ಅಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ತಿದ್ದುಪಡಿ ತಂದಿವೆ. ಆದರೆ ರಿಜಿಸ್ಟರ್ ಆದ ಪತ್ರದ ಕಥೆ ಬೇರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ, ಅಲ್ಲಿ ಕೇಳಿ ಎಂದೆ. ಇನ್ನೂ ಹೋಗಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ನಿದ್ದೆ ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ ಮನೋವೈದ್ಯರಿಗೆ ತೋರಿಸೋದು ಅಂತ ಮಾತಾಯಿತು. ರಾತ್ರಿ ತಡೆಯಲಾರದಷ್ಟು ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಲು ಹೇಳಿದೆ. ಅದರ ಅಗತ್ಯ ಬೀಳಲಿಲ್ಲ.

ಜಾಸ್ತಿ ಹೊತ್ತು ಹಿಡಿದಿದ್ದು ಅಕ್ಕನ ವಿಷಯ. ಸರೋಜ ನಾಲ್ಕು ಪುಟದ ಕಾಗದ ಬರೆದುಕೊಂಡು ಬಂದಿದ್ದರು. ಗಂಡನ ಸಾಲ, ಮಗನ ಫೀಸು, ಅಣ್ಣ ಕೊಟ್ಟ ಮಾತು, ಸಹಿ ಹಾಕಿದ್ದಕ್ಕೆ ಎಲ್ಲ ಕಾರಣ ಅದರಲ್ಲಿತ್ತು. ಕಳಿಸಬೇಡಿ ಅಂದೆ. ಅಕ್ಕ ಈಗ ಕೋರ್ಟಿನಲ್ಲಿ ಕಾಗದಗಳ ಜೊತೆಗೇ ಬದುಕುತ್ತಿದ್ದಾರೆ, ನೀವೂ ಒಂದು ಹೇಳಿಕೆ ಕಳಿಸಬೇಕಾ? ಫೋನ್ ಮಾಡಿ. ಐದು ನಿಮಿಷ ಮೀರಬೇಡಿ. ಜಮೀನಿನ ಮಾತು ಬೇಡ, ಕ್ಷಮೆಯ ಮಾತೂ ಬೇಡ. ಎತ್ತದಿದ್ದರೆ ಹದಿನೈದು ದಿನ ಬಿಟ್ಟು ಇನ್ನೊಂದೇ ಸಲ.

ಎರಡನೇ ಸಲಕ್ಕೆ ಎತ್ತಿದರು.

“‘ಅಕ್ಕಾ’ ಅಂದೆ ಮೇಡಂ. ಆ ಕಡೆಯಿಂದ ‘ಯಾರು?’ ಅಂದ್ರು. ನನ್ನ ನಂಬರೂ ಇಟ್ಕೊಂಡಿಲ್ಲ ನೋಡಿ. ‘ನಾನು ಕಣಕ್ಕಾ, ಸರೋಜ’ ಅಂದೆ. ಆಮೇಲೆ ಅಮ್ಮನ ಕಣ್ಣಿನ ಆಪರೇಷನ್ ಆಯ್ತಾ ಅಂತ ಕೇಳಿದ್ರು. ಎಡಗಣ್ಣಿಗೆ ಆಯ್ತು ಅಂದೆ. ಸರಿ ಅಂತ ಇಟ್ರು.”

ನಾಟಕಕ್ಕೆ ಕರೆದಿರಾ ಅಂದೆ. ಇಲ್ಲ ಎಂದರು. ಸ್ಕ್ರಿಪ್ಟ್ ತೆಗೆದು ತೋರಿಸಿದರು. ಮೊದಲ ಮೂರು ಗೀಟು ರಬ್ಬರಿನಲ್ಲಿ ಅಳಿಸಿದ್ದರು. ನಾಲ್ಕನೆಯದು ಹಾಗೇ ಇತ್ತು. ಆರೂವರೆಗೆ ತಾಲೀಮು ಅಂತ ಎದ್ದು, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟರು.