ಮಣ್ಣಿನ ಮಾಹಿತಿ ಹಂಚಿಕೊಳ್ಳೋದಕ್ಕೆ ಒಂದು ವೆಬ್‌ಸೈಟ್ ಸಾಲದೇ?

ನಿಮ್ಮ ಪ್ರಶ್ನೆ ಇದು: ಅಕ್ಕಪಕ್ಕದ ದೇಶಗಳು ಸೇರಿ ಮಣ್ಣಿನ ಮಾಹಿತಿ ವ್ಯವಸ್ಥೆ ಕಟ್ಟುವುದಕ್ಕೆ ಇಷ್ಟು ವರ್ಷ, ಇಷ್ಟು ದುಡ್ಡು, ಇಷ್ಟು ಸಭೆ ಯಾಕೆ? ಒಂದು ವೆಬ್‌ಸೈಟ್ ಮಾಡಿ ಎಲ್ಲರೂ ತಮ್ಮ ತಮ್ಮ ಅಂಕಿಅಂಶ ಹಾಕಿದರೆ ಆಯ್ತಲ್ವಾ?

ನಾನು ಮಣ್ಣು ಪರೀಕ್ಷೆಯ ಕೆಲಸದಲ್ಲಿ ಇರುವವನು. ವೆಬ್‌ಸೈಟ್ ಮಾಡುವುದು ಕೊನೆಗೆ ಬರುವ ಕೆಲಸ, ಸುಲಭದ ಕೆಲಸ ಕೂಡ. ಅದಕ್ಕೂ ಮುಂಚೆ ಎಲ್ಲರೂ ಒಂದೇ ರೀತಿ ಅಳೆಯಬೇಕು. ಅಳೆದದ್ದನ್ನು ಕೊಡುವ ಮನಸ್ಸೂ ಬರಬೇಕು. ವರ್ಷಗಟ್ಟಲೆ ಹಿಡಿಯುವುದು ಈ ಎರಡೇ.

ಸಾವಯವ ಇಂಗಾಲವನ್ನೇ ತಗೊಳ್ಳಿ, ಅಂದರೆ ಕೊಳೆತ ಎಲೆ, ಬೇರು, ಗೊಬ್ಬರದಿಂದ ಮಣ್ಣಿಗೆ ಸೇರಿದ ಇಂಗಾಲ. ನಮ್ಮ ಲ್ಯಾಬ್‌ಗಳಲ್ಲಿ ಹೆಚ್ಚಾಗಿ ವಾಕ್ಲಿ-ಬ್ಲ್ಯಾಕ್ ವಿಧಾನ ಬಳಸುತ್ತಾರೆ. ಮಣ್ಣಿಗೆ ಡೈಕ್ರೋಮೇಟ್, ಸಲ್ಫ್ಯೂರಿಕ್ ಆಮ್ಲ ಹಾಕಿ ಮಾಡುವ ಪರೀಕ್ಷೆ. ಖರ್ಚು ಕಡಿಮೆ. ಆದರೆ ಅದು ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ. ಸರಾಸರಿ 77% ಸಿಗುತ್ತದೆ ಅಂತ ಹಿಡಿದು, ಬಂದ ಅಂಕಿಯನ್ನು 1.3ರಿಂದ ಗುಣಿಸುವ ರೂಢಿ ಇದೆ. ಒಂದು ಲ್ಯಾಬ್ ಗುಣಿಸಿತು, ಇನ್ನೊಂದು ಗುಣಿಸಲಿಲ್ಲ, ಇಬ್ಬರೂ ವರದಿಯಲ್ಲಿ ಅದನ್ನು ಬರೆಯಲಿಲ್ಲ ಅಂದುಕೊಳ್ಳಿ. ಒಬ್ಬರಿಗೆ 0.45% ಬಂದದ್ದು ಇನ್ನೊಬ್ಬರಿಗೆ 0.58% ದಾಟುತ್ತದೆ. ನಮ್ಮಲ್ಲಿ 0.5ಕ್ಕಿಂತ ಕೆಳಗಿದ್ದರೆ ‘ಕಡಿಮೆ’, 0.75ರವರೆಗೆ ‘ಮಧ್ಯಮ’. ಅದೇ ಹೊಲ, ಅದೇ ಮಣ್ಣು, ಗೊಬ್ಬರದ ಶಿಫಾರಸು ಮಾತ್ರ ಬೇರೆ!

ದುಬಾರಿ ಯಂತ್ರದಲ್ಲಿ ಮಣ್ಣನ್ನು ಸುಟ್ಟು ಅಳೆದರೆ ಇಂಗಾಲ ಪೂರ್ತಿ ಸಿಗುತ್ತದೆ. ಅಲ್ಲೂ ಒಂದು ತೊಡಕಿದೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಸುಣ್ಣದ ಹರಳು ಇರುತ್ತವಲ್ಲ, ಅದರೊಳಗಿನ ಇಂಗಾಲವನ್ನೂ ಯಂತ್ರ ಸೇರಿಸಿ ಎಣಿಸುತ್ತದೆ. ಸುಣ್ಣದ ಪಾಲನ್ನು ಬೇರೆಯಾಗಿ ಕಳೆಯದಿದ್ದರೆ, ಬರಡು ಹೊಲವೂ ಕಾಗದದ ಮೇಲೆ ಫಲವತ್ತಾಗಿ ಕಾಣುತ್ತದೆ.

ಆಳದ ಮಾತೂ ಇದೆ. ನಮ್ಮ ಮಣ್ಣು ಆರೋಗ್ಯ ಕಾರ್ಡಿಗೆ ಸಾಮಾನ್ಯವಾಗಿ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆಯುತ್ತಾರೆ. ಆಫ್ರಿಕಾದ ಹಲವು ಸಮೀಕ್ಷೆಗಳಲ್ಲಿ 20. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಇಂಗಾಲ ನಕ್ಷೆಗೆ 30. ಇಂಗಾಲ ಮೇಲ್ಪದರದಲ್ಲೇ ಜಾಸ್ತಿ ಇರುವುದರಿಂದ ಈ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಡೋಕಾಗಲ್ಲ. ಹಿಂದೆ ಸಂತೆಯಲ್ಲಿ ಒಂದು ಊರಿನ ಪಕ್ಕಾ ಸೇರು, ಇನ್ನೊಂದು ಊರಿನ ಕಚ್ಚಾ ಸೇರು ಅಂತ ಜಗಳ ಆಗುತ್ತಿತ್ತಲ್ಲ, ಇದೂ ಹಾಗೇ.

ಯುರೋಪಿನವರು ಇದನ್ನು ನೇರವಾಗಿ ಬಗೆಹರಿಸಿಕೊಂಡರು. 2009ರ ಲೂಕಾಸ್ ಸಮೀಕ್ಷೆಯಲ್ಲಿ 25 ದೇಶಗಳಿಂದ ಸುಮಾರು 20 ಸಾವಿರ ಮಾದರಿ ತಂದು, ಎಲ್ಲವನ್ನೂ ಒಂದೇ ಲ್ಯಾಬ್‌ನಲ್ಲಿ ಪರೀಕ್ಷಿಸಿದರು. ದುಡ್ಡು, ಒಕ್ಕೂಟ ಎರಡೂ ಇದ್ದದ್ದರಿಂದ ಅದು ಸಾಧ್ಯವಾಯಿತು. ನಮ್ಮ ಕಡೆಯ ದೇಶಗಳಿಗೆ ಅದು ಕಷ್ಟ. ಅದಕ್ಕೇ 2017ರಲ್ಲಿ ‘ಗ್ಲೋಸೋಲಾನ್’ ಅನ್ನುವ ಲ್ಯಾಬ್‌ಗಳ ಜಾಲ ಶುರುವಾಯಿತು. ಒಂದೇ ಮಣ್ಣನ್ನು ಬೇರೆ ಬೇರೆ ದೇಶದ ಲ್ಯಾಬ್‌ಗಳಿಗೆ ಕಳಿಸಿ ಯಾರಿಗೆ ಎಷ್ಟು ಬಂತು ಅಂತ ಹೋಲಿಸುತ್ತಾರೆ, ಎಲ್ಲರೂ ಒಪ್ಪುವ ಒಂದೊಂದು ಕೈಪಿಡಿ ಬರೆಯುತ್ತಾರೆ. ಹೊರಗಿನಿಂದ ನೋಡಿದರೆ ಬೇಸರದ ಕೆಲಸ. ನನಗೆ ಇಡೀ ವಿಷಯದಲ್ಲಿ ಅತಿ ಮುಖ್ಯ ಅನಿಸುವುದು ಇದೇ.

ಇನ್ನು ಕೊಡುವ ಮನಸ್ಸು. ಇದಕ್ಕೆ ಇಥಿಯೋಪಿಯಾದ ಕಥೆ ಹೇಳಲೇಬೇಕು. ಆ ದೇಶ 2012ರಲ್ಲಿ ‘ಇಥಿಯೋಸಿಸ್’ ಅನ್ನುವ ದೊಡ್ಡ ಮಣ್ಣು ಸಮೀಕ್ಷೆ ಶುರು ಮಾಡಿತು. ಅಲ್ಲಿ ದಶಕಗಳಿಂದ ಯೂರಿಯಾ, ಡಿಎಪಿ ಎರಡೇ ಗೊಬ್ಬರ. ಸಮೀಕ್ಷೆ ನಡೆದಾಗ ಗಂಧಕ, ಬೋರಾನ್, ಸತುವಿನ ಕೊರತೆ ಎದ್ದು ಕಂಡಿತು, ದೇಶದ ಗೊಬ್ಬರದ ನೀತಿಯೇ ಬದಲಾಯಿತು. ಆದರೆ ಅದಕ್ಕೂ ಹಿಂದಿನ ಮಾಹಿತಿ ಕಚೇರಿಗಳ ಬೀರುಗಳಲ್ಲಿ, ಪಿಎಚ್‌ಡಿ ಪ್ರಬಂಧಗಳಲ್ಲಿ, ಯಾರದೋ ಹಳೆ ಕಂಪ್ಯೂಟರ್‌ಗಳಲ್ಲಿ ಚದುರಿ ಬಿದ್ದಿತ್ತು. ಕೊಟ್ಟರೆ ತಮ್ಮ ಹೆಸರೇ ಇರಲ್ಲ ಅನ್ನುವ ಅಂಜಿಕೆ ಎಲ್ಲ ದೇಶದ ಸಂಶೋಧಕರಿಗೂ ಇದೆ, ಅದನ್ನು ತಪ್ಪು ಅನ್ನೋಕೂ ಆಗಲ್ಲ. ಬಿಸಿಲಲ್ಲಿ ಗುಂಡಿ ತೋಡಿಸಿ ಒಂದೊಂದು ಪದರ ಬರೆದುಕೊಂಡವರು ಅವರು. 2018ರಲ್ಲಿ ಅಲ್ಲಿನ ವಿಜ್ಞಾನಿಗಳೇ ‘ಕೋಯಲಿಷನ್ ಆಫ್ ದಿ ವಿಲ್ಲಿಂಗ್’ (ಮನಸ್ಸಿದ್ದವರ ಕೂಟ) ಅಂತ ಸ್ವಯಂಸೇವಾ ಬಳಗ ಕಟ್ಟಿಕೊಂಡರು. ಮೊದಲು ತಮ್ಮದನ್ನು ತಾವೇ ಕೊಟ್ಟರು, ಆಮೇಲೆ ಬೇರೆಯವರನ್ನು ಕೇಳಿದರು. ಸುಮಾರು 20 ಸಾವಿರ ಮಣ್ಣಿನ ಗುಂಡಿಗಳ ವಿವರ ಒಂದೆಡೆ ಸೇರಿತು. ಯಾವ ಆದೇಶದಿಂದಲೂ ಇದು ಆಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ದೇಶದೇಶಗಳ ನಡುವೆ ಅನುಮಾನ ಇನ್ನೂ ಜಾಸ್ತಿ. ಮೇಲೆ ಹೇಳಿದ ಆಹಾರ ಮತ್ತು ಕೃಷಿ ಸಂಸ್ಥೆಯವರು 2017ರ ಡಿಸೆಂಬರ್ 5ರಂದು ಹೊರಬಂದ ತಮ್ಮ ಜಾಗತಿಕ ಇಂಗಾಲ ನಕ್ಷೆಗೆ ಅದಕ್ಕಾಗಿ ಬೇರೆ ದಾರಿ ಹಿಡಿದರು. ಮೂಲ ಮಾಹಿತಿ ನಿಮ್ಮ ಬಳಿಯೇ ಇರಲಿ, ವಿಧಾನ ನಾವು ಕಲಿಸುತ್ತೇವೆ, 1 ಕಿ.ಮೀ. ಚೌಕದ ನಕ್ಷೆಯನ್ನು ನೀವೇ ಮಾಡಿ ಕೊಡಿ ಅಂದರು. ನನಗೆ ಇದು ತುಂಬ ಸರಿ ಅನಿಸಿತು. ಮಾಹಿತಿ ಹೊರಗೆ ಹೋಗದೆ, ಕಲಿಕೆ ಒಳಗೆ ಬರುತ್ತದೆ.

ಕರ್ನಾಟಕಕ್ಕೆ ಇದು ಹೊಸದಲ್ಲ. 2009ರಲ್ಲಿ ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಶುರುವಾದ ಭೂಚೇತನ ಯೋಜನೆಯಲ್ಲಿ ನಮ್ಮ ಮಳೆಯಾಶ್ರಿತ ಜಮೀನಿನಲ್ಲೂ ಅದೇ ಗಂಧಕ, ಸತು, ಬೋರಾನ್ ಕೊರತೆ ಕಂಡಿತ್ತು. ರೈತರಿಗೆ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಸಹಾಯಧನದಲ್ಲಿ ಸಿಕ್ಕವು. ಆಮೇಲೆ ಸುಜಲ-3 ಜಲಾನಯನ ಯೋಜನೆಯಲ್ಲಿ ಕೃಷಿ ವಿಶ್ವವಿದ್ಯಾಲಯಗಳು, ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ, ರಾಜ್ಯದ ದೂರಸಂವೇದಿ ಕೇಂದ್ರ ಎಲ್ಲ ಸೇರಿ 11 ಜಿಲ್ಲೆಗಳಲ್ಲಿ ಸರ್ವೆ ನಂಬರ್ ಕಾಣುವ 1:7920 ನಕ್ಷೆಯ ಮೇಲೆ ಮಣ್ಣು ಗುರುತಿಸಿದವು. ಆದರೆ ಕೃಷ್ಣಾ ಕಣಿವೆಯ ಎರೆ ಮಣ್ಣು ಮಹಾರಾಷ್ಟ್ರ, ತೆಲಂಗಾಣಕ್ಕೂ ಹರಡಿದೆ. ಗಡಿಯ ಎರಡೂ ಕಡೆ ಇದೇ ವಿವರದ ನಕ್ಷೆ ಒಂದಕ್ಕೊಂದು ಕೂಡಿಕೊಳ್ಳಬೇಕು ಅನ್ನುವುದು ನನ್ನ ಆಸೆ.

ಕೊನೆಗೆ ಒಂದು ಎಚ್ಚರಿಕೆ. ನೆದರ್ಲೆಂಡ್ಸ್‌ನ ಇಸ್ರಿಕ್ ಸಂಸ್ಥೆಯ ‘ಸಾಯಿಲ್‌ಗ್ರಿಡ್ಸ್’ ನಕ್ಷೆಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು, ನೀವೂ ನೋಡಿ. ಅದರ ಒಂದೊಂದು ಚೌಕ 250 ಮೀಟರ್. ಅಂದರೆ ಸುಮಾರು 15 ಎಕರೆಗೆ ಒಂದೇ ಅಂಕಿ, ಅದೂ ಕಂಪ್ಯೂಟರ್ ಅಂದಾಜು. ಜಿಲ್ಲೆ, ನದಿ ಕಣಿವೆಯ ಮಟ್ಟದಲ್ಲಿ ಯೋಚಿಸೋಕೆ ಒಳ್ಳೆಯದು. ಎರಡೆಕರೆ ಹೊಲಕ್ಕೆ ಎಷ್ಟು ಗೊಬ್ಬರ ಅನ್ನುವುದಕ್ಕೆ ಅದನ್ನು ನಂಬಬೇಡಿ, ಮಣ್ಣು ತೆಗೆದು ಹತ್ತಿರದ ಲ್ಯಾಬ್‌ಗೆ ಕೊಡಿ. ವರದಿಯಲ್ಲಿ ಯಾವ ವಿಧಾನ, ಎಷ್ಟು ಆಳ ಅಂತ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.