ಬ್ರುನೆಲ್ಲೊ, ರೊಸ್ಸೊ: ಒಂದೇ ದ್ರಾಕ್ಷಿ, ದರ ಯಾಕೆ ಬೇರೆ?

ಇಟಲಿಯ ಮೊಂಟಾಲ್ಚಿನೊ ಊರಿನ ಕೆಂಪು ವೈನ್‌ಗಳಾದ ರೊಸ್ಸೊ, ಬ್ರುನೆಲ್ಲೊ ಎರಡೂ ಸಂಜೊವೇಸೆ ದ್ರಾಕ್ಷಿಯವೇ, ಹಾಗಿದ್ದೂ ಬ್ರುನೆಲ್ಲೊಗೆ ದುಪ್ಪಟ್ಟು ದರ ಯಾಕೆ, 2019ರ ಕೊಯ್ಲಿನ ಬ್ರುನೆಲ್ಲೊ ಬಾಟಲಿಯನ್ನು ಈಗ ತೆರೆಯಬಹುದೇ ಅಂತ ಕೇಳಿದ್ದೀರಿ.

ದ್ರಾಕ್ಷಿಯಲ್ಲಿ ವ್ಯತ್ಯಾಸವಿಲ್ಲ. ಎರಡಕ್ಕೂ ಶೇ. 100 ಸಂಜೊವೇಸೆ ಕಡ್ಡಾಯ. ಇಳುವರಿ ಮಿತಿಯೂ ಹತ್ತಿರ ಹತ್ತಿರವೇ: ಹೆಕ್ಟೇರಿಗೆ ಬ್ರುನೆಲ್ಲೊಗೆ 8 ಟನ್, ರೊಸ್ಸೊಗೆ 9. ದರ ಏರಿಸುವುದು ಮುಖ್ಯವಾಗಿ ಕಾಯುವಿಕೆ. ಬ್ರುನೆಲ್ಲೊ ಕನಿಷ್ಠ 2 ವರ್ಷ ಮರದ ಪೀಪಾಯಿಯಲ್ಲಿ, 4 ತಿಂಗಳು ಬಾಟಲಿಯಲ್ಲಿ ಇರಬೇಕು. ಕೊಯ್ಲಾದ ಐದನೇ ವರ್ಷದ ಜನವರಿ 1ಕ್ಕೆ ಮೊದಲು ಮಾರುವಂತಿಲ್ಲ. ಅಂದರೆ 2019ರದ್ದು ಅಂಗಡಿಗೆ ಬಂದದ್ದು 2024ರಲ್ಲಿ. ರೊಸ್ಸೊ ಮರು ವರ್ಷದ ಸೆಪ್ಟೆಂಬರಿಗೇ ಹೊರಬರುತ್ತದೆ, ಮರದ ಕಡ್ಡಾಯವಿಲ್ಲ. ಅಷ್ಟು ವರ್ಷ ದುಡ್ಡು ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡಿರುತ್ತದಲ್ಲ!

ಬ್ರುನೆಲ್ಲೊ ತೋಟದ ವೈನನ್ನೇ ರೊಸ್ಸೊ ಎಂದು ಇಳಿಸಿ ಮಾರುವುದಕ್ಕೂ ಅವಕಾಶವಿದೆ. ಹಾಗಾಗಿ ಒಳ್ಳೆಯ ಉತ್ಪಾದಕರ ರೊಸ್ಸೊ ನಿಜಕ್ಕೂ ಲಾಭದ ಖರೀದಿ. ಉತ್ಪಾದಕರ ಹೆಸರು, ತೋಟದ ದಿಕ್ಕು ನೋಡಿ: ದಕ್ಷಿಣದ ಸಾಂತಾಂಜೆಲೊ ಇನ್ ಕೊಲ್ಲೆ ಕಡೆಯದು ಹೆಚ್ಚು ಮಾಗಿದ ಹಣ್ಣಿನ, ತುಂಬು ಮೈಯ ವೈನ್, ಉತ್ತರದ ಮೊಂಟೊಸೊಲಿ ಗುಡ್ಡದ್ದು ತೆಳುವಾಗಿ, ಸುವಾಸನೆಯಿಂದ ಕೂಡಿರುತ್ತದೆ.

ನಿಮ್ಮ 2019ನ್ನು ತೆರೆಯಬಹುದು, ಆದರೆ ಒಗರು ಇನ್ನೂ ಗಟ್ಟಿ. ಅಗಲ ಬುಡದ ಜಗ್ಗಿಗೆ ಸುರಿದು ಎರಡು ಗಂಟೆ ಬಿಡಿ, 16–18 ಡಿಗ್ರಿಯಲ್ಲಿ ಬಡಿಸಿ. ಬೆಂಗಳೂರಿನ ಕೋಣೆಯ 27 ಡಿಗ್ರಿಯಲ್ಲಿ ಕುಡಿದರೆ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ; ಬಡಿಸುವ ಮೊದಲು ಆ ಮಟ್ಟಕ್ಕೆ ತಣ್ಣಗಾಗುವಷ್ಟು ಹೊತ್ತು ಫ್ರಿಜ್ಜಿನಲ್ಲಿಡಿ. ಜೊತೆಗೆ ಕೊಬ್ಬಿರುವ ಮಟನ್ ಇರಲಿ, ಖಾರ ಕಡಿಮೆ ಹಾಕಿ. ಮೆಣಸಿನಕಾಯಿ ಈ ಒಗರನ್ನು ಇನ್ನಷ್ಟು ಒರಟಾಗಿಸುತ್ತದೆ.